ಮಖಮಲ್ ಇರುವೆ

ಹೈಮೆನಾಪ್ಟೆರ ಗಣದ ಮ್ಯುಟಿಲಿಡೇ ಕುಟುಂಬಕ್ಕೆ ಸೇರಿದ ಪರಾವಲಂಬಿ ಕಣಜ. ಹೆಸರಿಗಷ್ಟೇ ಇರುವೆ. ಹೆಣ್ಣಿಗೆ ರೆಕ್ಕೆಯಿಲ್ಲ, ಮೈತುಂಬ ರೋಮ ಹೊತ್ತು ನೆಲದ ಮೇಲೆ ಸರಸರನೆ ಓಡುತ್ತದೆ. ಗಂಡಿಗೆ ಸಾಮಾನ್ಯವಾಗಿ ರೆಕ್ಕೆಯಿದೆ, ಕೊಂಡಿಯಿಲ್ಲ. ಜಗತ್ತಿನಲ್ಲಿ 4,000ಕ್ಕೂ ಹೆಚ್ಚು ಪ್ರಭೇದಗಳಿದ್ದು, ಬಿಸಿಲು ಹೆಚ್ಚಿರುವ ಒಣ ನೆಲದಲ್ಲಿ ಇವು ಚೆನ್ನಾಗಿ ಬಾಳುತ್ತವೆ.

ಕೃಷ್ಣಾ–ಭೀಮಾ ನಡುವಿನ ವಡಗೇರಾ, ಶಹಾಪುರ, ಸುರಪುರದ ಹೊಲಗಳಂಥವೇ ಈ ಕೀಟಕ್ಕೆ ಒಗ್ಗುವ ಜಾಗ. ಮೃಗಶಿರ ಮಳೆ ಬಿದ್ದಾಗ ಹೊರಬರುವ ಕಡುಗೆಂಪು ಮಖಮಲ್ ಹುಳವನ್ನು ಇದರೊಂದಿಗೆ ಬೆರೆಸಬಾರದು. ಅದಕ್ಕೆ ಎಂಟು ಕಾಲು, ಅದು ಜೇಡ–ಉಣ್ಣೆಗಳ ನೆಂಟ. ಮಕ್ಕಳು ಅಂಗೈಯಲ್ಲಿಟ್ಟುಕೊಂಡರೂ ಏನೂ ಮಾಡದು. ಮಖಮಲ್ ಇರುವೆಗೆ ಆರೇ ಕಾಲು, ಹೆಣ್ಣನ್ನು ಹಿಡಿದರೆ ಚುಚ್ಚದೆ ಬಿಡದು. ದಕ್ಷಿಣ ಭಾರತದ ಅನೇಕ ಪ್ರಭೇದಗಳ ಹೆಣ್ಣಿನಲ್ಲಿ ಎದೆ ಇಟ್ಟಿಗೆಗೆಂಪು, ಹೊಟ್ಟೆ ಕಪ್ಪು, ಕಪ್ಪಿನ ಮೇಲೆ ಬಿಳಿ ರೋಮದ ಮಚ್ಚೆ. ಬೆರಳಿಗೆ ಸಿಕ್ಕಾಗ ಹೊಟ್ಟೆಯ ಉಂಗುರಗಳನ್ನು ಒಂದಕ್ಕೊಂದು ಉಜ್ಜಿ ಕಿರ್ರೆಂದು ಸದ್ದು ಮಾಡುತ್ತದೆ. ಮೈಚಿಪ್ಪು ಎಷ್ಟು ಗಟ್ಟಿಯೆಂದರೆ ಸಂಗ್ರಹಕಾರರ ತೆಳು ಪಿನ್ನು ಬಾಗುವುದುಂಟು. ಅಮೆರಿಕದ ಒಂದು ಪ್ರಭೇದಕ್ಕೆ ಹಸುವನ್ನೇ ಕೊಲ್ಲುವ ಕೀಟವೆಂಬ ಖ್ಯಾತಿಯಿದೆ. ನೋವು ಜೋರಾದರೂ ಅದರ ವಿಷ ಜೇನುಹುಳದ ವಿಷಕ್ಕಿಂತ ಸೌಮ್ಯ; ಖ್ಯಾತಿ ಬರೀ ಬಾಯಿಮಾತು.

ಹೆಣ್ಣು ಒಂಟಿಜೇನು ಅಥವಾ ಕಣಜದ ಗೂಡನ್ನು ಹುಡುಕಿ ಒಳಹೊಗುತ್ತದೆ. ಉಂಡು ಬಲಿತು, ರೇಷ್ಮೆ ಸುತ್ತಿಕೊಂಡು ಮಲಗಿದ ಮರಿಹುಳುವೇ ಅದಕ್ಕೆ ಬೇಕು. ಆ ಕೋಣೆಗೆ ತೂತು ಕೊರೆದು ಮೊಟ್ಟೆಯಿಟ್ಟು ಮತ್ತೆ ಮುಚ್ಚುತ್ತದೆ. ಮೊಟ್ಟೆಯೊಡೆದ ಮರಿ ಆತಿಥೇಯನನ್ನು ಹೊರಗಿನಿಂದ ತಿಂದು ಮುಗಿಸಿ, ಅದೇ ಗೂಡಿನೊಳಗೆ ತನ್ನ ಗೂಡು ನೇಯುತ್ತದೆ. ತೊಗರಿ ಹೂವಿಗೆ ಬರುವ ಎಲೆಕತ್ತರಿ ಜೇನುಗಳ ಕುಲವೂ ಇದರ ಬೇಟೆಯ ಪಟ್ಟಿಯಲ್ಲಿದೆ. ಬೆಳೆದ ಕಣಜಗಳು ಮಾತ್ರ ಮಕರಂದ ಹೀರಿ ಬದುಕುತ್ತವೆ.

ವರ್ಗೀಕರಣದ ಚರಿತ್ರೆಯೆಲ್ಲ ಒಂದು ತೊಡಕಿನ ಸುತ್ತ ಸುತ್ತಿದೆ: ಗಂಡು ಹೆಣ್ಣುಗಳು ಒಂದನ್ನೊಂದು ಹೋಲುವುದೇ ಇಲ್ಲ. ಲಿನೇಯಸ್ 1758ರಲ್ಲಿ ಮ್ಯುಟಿಲ್ಲಾ ಕುಲವನ್ನು ಸ್ಥಾಪಿಸಿದ. 1802ರಲ್ಲಿ ಫ್ರಾನ್ಸಿನ ಲಾಟ್ರೇಲ್ ಅದನ್ನು ಕುಟುಂಬದ ಮಟ್ಟಕ್ಕೇರಿಸಿದ. ಮುಂದೆ ವಸ್ತುಸಂಗ್ರಹಾಲಯಗಳಿಗೆ ಬಂದ ಒಣಗಿದ ಮಾದರಿಗಳನ್ನು ನೋಡಿ ವಿದ್ವಾಂಸರು ಹೆಣ್ಣಿಗೊಂದು, ಗಂಡಿಗೊಂದು ಹೆಸರಿಡುತ್ತ ಹೋದರು. ಒಂದೇ ಜೀವಿ ಎರಡು ಪ್ರಭೇದವಾಗಿ ಪುಸ್ತಕ ಸೇರಿತು. 1897ರಲ್ಲಿ ಸಿ. ಟಿ. ಬಿಂಗಮ್ ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತಿನ ಮಾಲೆಯಲ್ಲಿ ನಮ್ಮ ನಾಡಿನ ಮಖಮಲ್ ಇರುವೆಗಳನ್ನು ಒಟ್ಟುಗೂಡಿಸಿದ. ಬಹುಪಾಲು ಪ್ರಭೇದಗಳನ್ನು ಮ್ಯುಟಿಲ್ಲಾ ಎಂಬ ಒಂದೇ ಕುಲದಲ್ಲಿ ತುಂಬಿದ. ಆ ಪುಸ್ತಕ ಆಧಾರಗ್ರಂಥವಾಗಿ ನಿಂತಿತು, ಗೊಂದಲವೂ ಜತೆಗೇ ನಿಂತಿತು.

1975ರಲ್ಲಿ ಡೆನಿಸ್ ಬ್ರದರ್ಸ್ ದೇಹರಚನೆಯ ಆಧಾರದಲ್ಲಿ ಕುಟುಂಬದ ವಂಶಾವಳಿ ಬಿಡಿಸಿ ಉಪಕುಟುಂಬಗಳನ್ನು ಹೊಸದಾಗಿ ಜೋಡಿಸಿದ. ಏಷ್ಯಾದ ಪಾಲಿಗೆ ಅದಕ್ಕಿಂತ ಹೆಚ್ಚು ಕೈಗೆ ಬಂದದ್ದು ರಷ್ಯಾದ ಎ. ಎಸ್. ಲೆಲೆಯ್ 2005ರಲ್ಲಿ ತಂದ ಓರಿಯೆಂಟಲ್ ವಲಯದ ಪಟ್ಟಿ. ಮ್ಯುಟಿಲ್ಲಾದಲ್ಲಿ ತುರುಕಿದ್ದ ಹಳೆಯ ಭಾರತೀಯ ಹೆಸರುಗಳು ಸ್ಮಿಕ್ರೊಮಿರ್ಮೆ, ಟ್ರೊಗಾಸ್ಪಿಡಿಯಾ, ಒಡಾಂಟೊಮ್ಯುಟಿಲ್ಲಾ ಮುಂತಾದ ಕುಲಗಳಿಗೆ ಹಂಚಿಹೋಗಿರುವುದು ಅದರಲ್ಲಿ ಒಂದೆಡೆ ಸಿಗುತ್ತದೆ. 2023ರಲ್ಲಿ ಡಿಎನ್‌ಎ ಆಧರಿಸಿದ ದೊಡ್ಡ ಅಧ್ಯಯನವೊಂದು ಮಿರ್ಮೋಸಾ ಗುಂಪನ್ನು ಈ ಕುಟುಂಬದಿಂದ ಹೊರಗಿಟ್ಟು ಬೇರೆ ಕುಟುಂಬವೆಂದಿತು.

ಗಂಡು ಹೆಣ್ಣುಗಳನ್ನು ಜೋಡಿಸಲು ದಾರಿಗಳು ಕೆಲವೇ: ಕೂಡುವಾಗ ಹಿಡಿಯಬೇಕು, ಡಿಎನ್‌ಎ ಹೋಲಿಸಬೇಕು, ಇಲ್ಲವೇ ಒಂದೇ ಗೂಡಿನಿಂದ ಎರಡೂ ಹೊರಬರುವುದನ್ನು ಕಾಯಬೇಕು. ಕೊನೆಯದಕ್ಕೆ ಪ್ರಯೋಗಾಲಯವೇ ಬೇಕೆಂದಿಲ್ಲ. ಒಂಟಿಜೇನಿನ ಅಥವಾ ಕುಂಬಾರ ಹುಳದ ಗೂಡನ್ನು ಬಾಟಲಿಯಲ್ಲಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ, ಊರು ಮತ್ತು ತಾರೀಖು ಬರೆದಿಟ್ಟರೆ ಸಾಕು. ಅದರಿಂದ ಹೊರಬಂದದ್ದನ್ನು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಂಥ ಸಂಸ್ಥೆಯ ತಜ್ಞರಿಗೆ ತೋರಿಸಬಹುದು. ಭಾರತದ ಅನೇಕ ಪ್ರಭೇದಗಳು ಇಂದಿಗೂ ಗಂಡಿನಿಂದ ಮಾತ್ರ, ಇಲ್ಲವೇ ಹೆಣ್ಣಿನಿಂದ ಮಾತ್ರ ಪರಿಚಿತ.