ಮುಂಬಯಿಯ ನಿಸರ್ಗೇತಿಹಾಸ ಸಂಘವೂ ಅದರ ಮೂಲಧನವೂ

ಕನ್ನಡ ನಾಡಿನ ಕೆರೆಶಾಸನಗಳನ್ನು ಓದುವವರಿಗೆ ಒಂದು ಸಂಗತಿ ಬೇಗನೆ ಗೋಚರವಾಗುತ್ತದೆ. ಕೆರೆಯನ್ನು ಕಟ್ಟಿಸಿದವನ ಪ್ರಶಸ್ತಿ ಎಷ್ಟೇ ದೀರ್ಘವಾಗಿರಲಿ, ಅದರ ಜೊತೆಗೆ ಬಿತ್ತುವಟ್ಟದ ಮಾತು ಬರುವುದು ಅಪರೂಪವಲ್ಲ. ಕೆರೆಯ ಉಸ್ತುವಾರಿಗೆಂದೇ ಬಿಟ್ಟ ಭೂಮಿ, ಅದರ ಉತ್ಪನ್ನದಿಂದ ವರ್ಷವರ್ಷವೂ ಹೂಳೆತ್ತುವ ಬಂಡಿ, ಬಂಡಿಯನ್ನೆಳೆಯುವ ಕೋಣಗಳು, ಅದನ್ನು ಹೊಡೆಯುವ ಆಳು: ಇವೆಲ್ಲಕ್ಕೂ ಏರ್ಪಾಡು ನಡೆಯುತ್ತಿತ್ತು. ಕಟ್ಟುವುದು ಒಂದು ಪುಣ್ಯ, ಕಾಯುವುದು ಇನ್ನೊಂದು ಪುಣ್ಯ ಎಂಬ ವಿವೇಕ ಅಂದಿನವರಿಗಿತ್ತು. ಪುಣೆಯ ಸಮೀಪದ ಜುನ್ನರದಲ್ಲಿ, ಕ್ರಿಸ್ತಶಕದ ಮೊದಲ ಶತಮಾನಗಳ ಒಂದು ಗುಹಾಶಾಸನವು ಶಕನೊಬ್ಬನು ಹೊಂಗೆಯ ಮರಗಳನ್ನೂ ಆಲದ ಮರಗಳನ್ನೂ ನೆಡಿಸುವುದಕ್ಕಾಗಿ ಹೊಲಗಳ ಆದಾಯವನ್ನು ಒಂದು ಶ್ರೇಣಿಯ ವಶಕ್ಕೆ ಕೊಟ್ಟುದನ್ನು ಹೇಳುತ್ತದೆ. ಗಿಡಮರಗಳಿಗಾಗಿ ಪುದುವಟ್ಟು ಇಡುವ ಕಲ್ಪನೆ ದಕ್ಖನದ ಈ ಭಾಗಕ್ಕೆ ಹೊಸದೇನೂ ಅಲ್ಲವೆಂಬುದಕ್ಕೆ ಇಷ್ಟು ಸಾಕು.

ಹೊಸ ಕಾಲದ ನಿಸರ್ಗಸೇವಾ ಸಂಸ್ಥೆಗಳು ಮಾತ್ರ ಈ ಹಳೆಯ ಪಾಠವನ್ನು ತಮ್ಮಷ್ಟಕ್ಕೆ ತಾವೇ, ಬಹಳ ತಡವಾಗಿ ಕಲಿಯಬೇಕಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಎಂದು ಲೋಕಪ್ರಸಿದ್ಧವಾದ ಮುಂಬಯಿಯ ನಿಸರ್ಗೇತಿಹಾಸ ಸಂಘದ ಚರಿತ್ರೆ ಇದಕ್ಕೆ ಉತ್ತಮ ನಿದರ್ಶನ. ಮುಂಬಯಿಯ ಕನ್ನಡಿಗರು ಅದರ ಕಟ್ಟಡದ ಮುಂದೆ ದಿನವೂ ಹಾದುಹೋಗುತ್ತಾರೆ. ಆದರೆ ಆ ಸಂಘದ ಕಡತಗಳಲ್ಲಿ ಕಾರವಾರ, ಧಾರವಾಡ, ಕೊಡಗು, ಮೈಸೂರು, ಸೊರಬಗಳು ಎಷ್ಟು ಸಲ ಬರುತ್ತವೆಂಬುದನ್ನು ಬಲ್ಲವರು ವಿರಳ.

1883ರ ಸೆಪ್ಟೆಂಬರ್ 15ರಂದು ಎಂಟು ಮಂದಿ ಮಹನೀಯರು ಬೈಕುಳದ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಸೇರಿ ಈ ಸಂಘವನ್ನು ಸ್ಥಾಪಿಸಿದರು. ಅವರಲ್ಲಿ ಇಬ್ಬರು ಭಾರತೀಯರು: ಪ್ರಾರ್ಥನಾ ಸಮಾಜದ ಡಾ. ಆತ್ಮಾರಾಮ ಪಾಂಡುರಂಗ ಮತ್ತು ಡಾ. ಸಖಾರಾಮ ಅರ್ಜುನ. ಉಳಿದವರಲ್ಲಿ ಇ. ಎಚ್. ಐಟ್ಕನ್ ಎಂಬವರು ಉಪ್ಪು ಮತ್ತು ಸುಂಕದ ಇಲಾಖೆಯ ಅಧಿಕಾರಿ, ವಿನೋದಪ್ರಿಯ ಲೇಖಕ. ಉತ್ತರ ಕನ್ನಡದ ಕಾಡಂಚಿನಲ್ಲಿ ಅವರು ಕಳೆದ ವರ್ಷಗಳ ಫಲವು 1894ರಲ್ಲಿ ಪ್ರಕಟವಾದ ಅವರ ಒಂದು ಗ್ರಂಥದಲ್ಲಿ ತುಂಬಿಕೊಂಡಿದೆ. ಕಾರವಾರದಲ್ಲಿ ಅವರಿಗೆ ಜೊತೆಯಾದವರು ಜಿಲ್ಲೆಯ ಕಲೆಕ್ಟರ್ ಜೇಮ್ಸ್ ಡೇವಿಡ್ಸನ್ ಮತ್ತು ಅರಣ್ಯಾಧಿಕಾರಿ ಟಿ. ಆರ್. ಬೆಲ್. ಈ ಮೂವರು ಸೇರಿ ಬರೆದ ಉತ್ತರ ಕನ್ನಡದ ಚಿಟ್ಟೆಗಳ ವಿವರಣೆ 1896-97ರ ಸುಮಾರಿಗೆ ಸಂಘದ ಪತ್ರಿಕೆಯಲ್ಲಿ ಕಂತುಕಂತಾಗಿ ಬಂದಿತು. ಬೆಲ್ ಅವರಂತೂ 1920ರಲ್ಲಿ ನಿವೃತ್ತರಾದ ಮೇಲೆಯೂ ಸ್ವದೇಶಕ್ಕೆ ಮರಳದೆ, 1948ರಲ್ಲಿ ಕಣ್ಣುಮುಚ್ಚುವವರೆಗೆ ಕಾರವಾರದಲ್ಲಿಯೇ ಕಂಬಳಿಹುಳುಗಳನ್ನು ಸಾಕುತ್ತ ಉಳಿದರು.

ಇವರಾರಿಗೂ ಸಂಘವು ಕಾಸನ್ನೂ ಕೊಡಲಿಲ್ಲ. ಕೊಡುವ ಶಕ್ತಿ ಅದಕ್ಕಿರಲಿಲ್ಲ. ಸದಸ್ಯರ ವಂತಿಗೆಯೇ ಮುಖ್ಯ ವರಮಾನ. ಸಂಘಕ್ಕೆ ನೆರಳು ಸಿಕ್ಕಿದುದು ಎಚ್. ಎಂ. ಫಿಪ್ಸನ್ ಎಂಬ ದ್ರಾಕ್ಷಾಮದ್ಯದ ವರ್ತಕರ ಮಳಿಗೆಯಲ್ಲಿ. ಅವರು 1886ರಿಂದ ಇಪ್ಪತ್ತು ವರ್ಷ ಗೌರವ ಕಾರ್ಯದರ್ಶಿಗಳಾಗಿದ್ದರು. ಅನಂತರ ಅದೇ ವ್ಯಾಪಾರ ಸಂಸ್ಥೆಯ ಡಬ್ಲ್ಯು. ಎಸ್. ಮಿಲ್ಲಾರ್ಡ್ ಆ ಹೊಣೆಯನ್ನು ಹೊತ್ತರು. 1894ರಲ್ಲಿ ಕಾರವಾರದಿಂದ ಬಂದ ದಾಸ ಮಂಗಟ್ಟೆಯ ಮರಿಯೊಂದು ಆ ಕಚೇರಿಯಲ್ಲಿಯೇ ಬೆಳೆದು, ವಿಲಿಯಂ ಎಂಬ ಹೆಸರು ಪಡೆದು, 1920ರವರೆಗೆ ಬದುಕಿತು. ಸಂಘದ ಲಾಂಛನದಲ್ಲಿಯೂ, ಮುಂದೆ ಕಟ್ಟಿದ ಮನೆಯ ಹೆಸರಿನಲ್ಲಿಯೂ ಇರುವುದು ಆ ಮಂಗಟ್ಟೆಯೇ. ಹೀಗೆ ಕಚೇರಿಯ ಬಾಡಿಗೆಯಿಂದ ಕಾರ್ಯದರ್ಶಿಯ ದುಡಿಮೆಯವರೆಗೆ ಎಲ್ಲವೂ ಸ್ನೇಹದ ಮೇಲೆ ನಡೆಯುತ್ತಿತ್ತು. ಈ ವ್ಯವಸ್ಥೆಗೆ ಮೂಲಧನವೆಂದರೆ ವ್ಯಕ್ತಿಗಳೇ; ವ್ಯಕ್ತಿಗಳು ಹೋದರೆ ಮೂಲಧನವೂ ಹೋದಂತೆ.

ಮೊದಲ ದೊಡ್ಡ ಹಣಸಂಗ್ರಹ 1911ರದು. ಭಾರತದ ಸಸ್ತನಿಗಳ ಸರ್ವೇಕ್ಷಣೆಗಾಗಿ ಮಿಲ್ಲಾರ್ಡ್ ಅವರು ಸದಸ್ಯರಿಗೂ ಸರಕಾರಗಳಿಗೂ ದೇಶೀ ಸಂಸ್ಥಾನಗಳಿಗೂ ಮನವಿ ಮಾಡಿದರು. ಹಣ ಬಂದಿತು, ಸಂಬಳದ ಸಂಗ್ರಾಹಕರು ಖಾನದೇಶದಿಂದ ಆರಂಭಿಸಿ ಧಾರವಾಡ, ಉತ್ತರ ಕನ್ನಡ, ಕೊಡಗು, ಮೈಸೂರುಗಳ ಮೂಲಕ ಹಾದುಹೋದರು. ಹನ್ನೆರಡು ವರ್ಷಗಳವರೆಗೆ ನಡೆದ ಈ ಕಾರ್ಯದಿಂದ ಇಲಿ, ಅಳಿಲು, ಬಾವಲಿಗಳಂತಹ ಸಣ್ಣ ಪ್ರಾಣಿಗಳ ಜ್ಞಾನ ಹೊಸದಾಯಿತು. ಆದರೆ ಕೂಡಿಬಂದ ಹಣವೆಲ್ಲ ಸಂಚಾರಕ್ಕೆ ಮೀಸಲು. ಸಂಚಾರ ಮುಗಿದ ಮೇಲೆ ಸಾವಿರಾರು ತೊಗಲುಗಳನ್ನು ಮುಂಬಯಿಯ ಮಳೆಗಾಲದ ಬೂಸ್ಟಿನಿಂದ, ನುಸಿಯಿಂದ ಕಾಪಾಡುವುದಕ್ಕೆ ಯಾರೂ ಪ್ರತ್ಯೇಕವಾಗಿ ದತ್ತಿ ಬಿಟ್ಟಿರಲಿಲ್ಲ. ಹುಲಿಗೆ ಹಣ ಕೊಡುವವರುಂಟು, ನುಸಿಗುಳಿಗೆಗೆ ಕೊಡುವವರಿಲ್ಲ! ಬಿತ್ತುವಟ್ಟವಿಲ್ಲದ ಕೆರೆಯ ಸ್ಥಿತಿಯೇ ಇದು.

ಸಲೀಂ ಅಲಿಯವರ ಜೀವನದಲ್ಲಿ ಈ ಕೊರತೆ ಅತ್ಯಂತ ಸ್ಪಷ್ಟವಾಗಿ ಕಾಣಿಸುತ್ತದೆ. 1930ರಲ್ಲಿ ಅವರು ಜರ್ಮನಿಯಲ್ಲಿ ಪಕ್ಷಿವಿಜ್ಞಾನದ ತರಬೇತಿ ಪಡೆದು ಹಿಂದಿರುಗಿದಾಗ, ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಅವರಿಗಿದ್ದ ಚಿಕ್ಕ ಹುದ್ದೆ ಹಣದ ಅಭಾವದಿಂದ ರದ್ದಾಗಿತ್ತು. ಉದ್ಯೋಗವಿಲ್ಲದ ಆ ವಿದ್ವಾಂಸರು ಸಂಸ್ಥಾನಗಳ ಮುಂದೆ ಒಂದು ವಿಚಿತ್ರ ಕರಾರನ್ನು ಇಟ್ಟರು: ಬಿಡಾರದ ಮತ್ತು ಪ್ರಯಾಣದ ವೆಚ್ಚವನ್ನು ಸಂಸ್ಥಾನ ವಹಿಸಿಕೊಳ್ಳಲಿ, ತಮ್ಮ ದುಡಿಮೆ ಉಚಿತ. ಹೈದರಾಬಾದಿನ ನಿಜಾಮರ ಸರಕಾರ ಒಪ್ಪಿತು. 1931-32ರಲ್ಲಿ ಅಲ್ಲಿಯ ಪಕ್ಷಿಸರ್ವೇಕ್ಷಣೆ ನಡೆಯಿತು. ತಿರುವಾಂಕೂರು, ಕೊಚ್ಚಿಗಳು ಬಳಿಕ ಬಂದವು. 1939ರಲ್ಲಿ ಪತ್ನಿ ತೆಹ್ಮಿನಾ ತೀರಿಕೊಂಡ ಮೇಲೆ, ಆ ದುಃಖದ ನೆರಳಿನಲ್ಲಿ 1939-40ರ ಮೈಸೂರು ಸರ್ವೇಕ್ಷಣೆ ನಡೆಯಿತು. ಅದರ ವರದಿ 1942-43ರಲ್ಲಿ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಶ್ರೀರಂಗಪಟ್ಟಣದ ಬಳಿಯ ಕಾವೇರಿಯ ನಡುಗಡ್ಡೆಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟುವುದನ್ನು ಕಂಡು ಅವರು ಒಡೆಯರನ್ನು ಒಡಂಬಡಿಸಿದುದರಿಂದ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಸಂಬಳವಿಲ್ಲದ ದುಡಿಮೆಯ ಫಲಗಳಲ್ಲಿ ಕನ್ನಡ ನಾಡಿಗೆ ನೇರವಾಗಿ ದಕ್ಕಿದುದು ಇದು. ಆದರೂ ಇಂತಹ ಕರಾರಿನ ಇನ್ನೊಂದು ಮುಖವನ್ನು ಮರೆಯಬಾರದು. ಮನೆಯಲ್ಲಿ ಅನ್ನಕ್ಕೆ ದಾರಿಯುಳ್ಳವನು ಮಾತ್ರ ಹೀಗೆ ಸ್ವಯಂಸೇವಕನಾಗಬಲ್ಲ. ಸೇವೆಗೆ ಆಸಕ್ತಿಯಿದ್ದೂ ಅನುಕೂಲವಿಲ್ಲದ ಎಷ್ಟು ಜನ ತರುಣರು ದೂರ ಉಳಿದರೋ, ಅವರ ಲೆಕ್ಕ ಯಾವ ಪತ್ರಿಕೆಯಲ್ಲಿಯೂ ಇಲ್ಲ.

ಸ್ವಾತಂತ್ರ್ಯ ಬಂದಾಗ ಆಂಗ್ಲ ಸದಸ್ಯರು ಹಡಗು ಹತ್ತಿದರು. ಅವರೊಡನೆ ವಂತಿಗೆಯೂ ಹೋಯಿತು. ಸಂಘ ಮುಚ್ಚಿಹೋಗುವ ಭಯ ಉಂಟಾದಾಗ ಸಲೀಂ ಅಲಿಯವರು ಪ್ರಧಾನಿ ನೆಹರೂ ಅವರಿಗೆ ಮನವಿ ಮಾಡಿಕೊಂಡರು. ಸಕಾಲದಲ್ಲಿ ದೊರೆತ ನೆರವಿನಿಂದ ಸಂಘ ಉಳಿಯಿತು. 1965ರಲ್ಲಿ ವಸ್ತುಸಂಗ್ರಹಾಲಯದ ಆವರಣದ ಅಂಚಿನಲ್ಲಿ ‘ಹಾರ್ನ್‌ಬಿಲ್ ಹೌಸ್’ ಸಿದ್ಧವಾಗಿ, ಸಂಗ್ರಹಕ್ಕೆ ಸ್ವಂತದ ಸೂರು ಸಿಕ್ಕಿತು. ಸೂರು ಸಿಕ್ಕಿದ ಮಾತ್ರಕ್ಕೆ ಸಂಶೋಧನೆಗೆ ಹಣ ಸಿಕ್ಕಲಿಲ್ಲ.

ಈ ನಡುವೆ ನಡೆದ ಒಂದು ಪ್ರಸಂಗ ಶಿವಮೊಗ್ಗದ ಕಾಡಿನಿಂದ ಹೊರಟು ದಿಲ್ಲಿಯ ಸಂಸತ್ತಿನವರೆಗೆ ಹೋಯಿತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕಾಡಿಗೆ ಹೋದ ಜನರಿಗೂ ಜ್ವರ ಬಂದು ಹಲವರು ಮಡಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ರೋಗಾಣುವನ್ನು ಬೇರ್ಪಡಿಸಿದಾಗ, ಅದು ರಷ್ಯದ ಕಾಡುಗಳಲ್ಲಿ ಕಾಣುವ ಮಿದುಳುಜ್ವರದ ರೋಗಾಣುವಿನ ಹತ್ತಿರದ ಬಂಧುವೆಂದು ತಿಳಿದುಬಂದಿತು. ಮಲೆನಾಡಿನವರು ಮಂಗನ ಕಾಯಿಲೆ ಎಂದು ಕರೆಯುವ ಈ ರೋಗವನ್ನು ಉತ್ತರದಿಂದ ವಲಸೆ ಬರುವ ಹಕ್ಕಿಗಳು ತಮ್ಮ ಮೈಮೇಲಿನ ಉಣುಗುಗಳ ಮೂಲಕ ತಂದಿರಬಹುದೇ ಎಂಬ ಪ್ರಶ್ನೆ ಎದ್ದಿತು. ಉತ್ತರಿಸಬೇಕಾದರೆ ಹಕ್ಕಿಗಳನ್ನು ಹಿಡಿದು, ಉಣುಗುಗಳನ್ನು ಆಯ್ದು, ಕಾಲಿಗೆ ಉಂಗುರ ತೊಡಿಸಿ ಬಿಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸಹಾಯದಿಂದ 1959ರ ಸುಮಾರಿಗೆ ಸಂಘವು ಈ ಕೆಲಸವನ್ನು ಕೈಗೆತ್ತಿಕೊಂಡಿತು. ಮುಂಬಯಿಯ ಸಂಘಕ್ಕೆ ತಿಳಿಸಿರೆಂಬ ಬರಹವುಳ್ಳ ಅಲ್ಯುಮಿನಿಯಂ ಉಂಗುರಗಳು ಸಾವಿರಗಟ್ಟಲೆ ಹಕ್ಕಿಗಳ ಕಾಲಿಗೇರಿದವು. ಹಲವು ದಶಕಗಳಿಂದ ಆಗಬೇಕೆಂದಿದ್ದ ವಲಸೆಯ ಅಧ್ಯಯನ ಕೊನೆಗೂ ಸಾಧ್ಯವಾದದ್ದು ಒಂದು ರೋಗದ ದೆಸೆಯಿಂದ!

ಆದರೆ ರೋಗಕ್ಕಾಗಿ ಬಂದ ಹಣ ರೋಗದ ಪ್ರಶ್ನೆಯೊಂದಿಗೇ ತೀರುತ್ತದೆ. ಆ ಸಹಾಯ ನಿಂತ ಮೇಲೆ ಕೆಲಸವನ್ನು ಮುಂದುವರಿಸಿದುದು ಅಮೆರಿಕದ ಸೈನ್ಯದ ವೈದ್ಯಕೀಯ ಸಂಶೋಧನಾ ವಿಭಾಗದ ಹಣ. ಪತ್ರಿಕೆಗಳಲ್ಲಿ ಕೋಲಾಹಲವೆದ್ದಿತು, ಹಕ್ಕಿಗಳ ಮೂಲಕ ರೋಗಾಣು ಹರಡುವ ಯುದ್ಧತಂತ್ರದ ಸಿದ್ಧತೆ ಇದೆಂಬ ಆಪಾದನೆ ಬಂದಿತು. ಸಲೀಂ ಅಲಿಯವರು ಅದನ್ನು ಬಲವಾಗಿ ಅಲ್ಲಗಳೆದರು. 1974-75ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯು ವಿದೇಶೀ ಸಹಯೋಗದ ಸಂಶೋಧನೆಗಳನ್ನು ವಿಮರ್ಶಿಸಿದಾಗ ಈ ಯೋಜನೆಯನ್ನೂ ಕಟುವಾಗಿ ಪರಿಶೀಲಿಸಿತು. ಆಪಾದನೆಯ ಸತ್ಯಾಸತ್ಯ ಇಲ್ಲಿ ಪ್ರಸ್ತುತವಲ್ಲ. ಹಕ್ಕಿ ಎಲ್ಲಿಗೆ ಹೋಗುತ್ತದೆಂದು ಹಕ್ಕಿಗಾಗಿಯೇ ತಿಳಿಯಬಯಸುವ ಸಂಘಕ್ಕೆ ತನ್ನದೆಂಬ ಹಣವಿಲ್ಲದಿದ್ದುದರಿಂದ, ಅದು ತನ್ನ ಪ್ರಶ್ನೆಯನ್ನು ಒಮ್ಮೆ ವೈದ್ಯರ, ಒಮ್ಮೆ ಸೈನಿಕರ ಅಗತ್ಯದ ಉಡುಪಿನಲ್ಲಿ ಕಳುಹಬೇಕಾಯಿತು. ಪರರ ಹಣದ ಬೆಲೆ ಬಡ್ಡಿಯಲ್ಲಿ ಮಾತ್ರ ತೆರುವಂಥದಲ್ಲ.

ದತ್ತಿನಿಧಿಯ ಪ್ರಕರಣ ಆರಂಭವಾಗುವುದು ಇದೇ ಕಾಲದಲ್ಲಿ. ಒಂದು ಮತ್ತೊಂದಕ್ಕೆ ಕಾರಣವೆಂದು ಹೇಳುವುದು ದುಡುಕಾದೀತು, ಆದರೆ ಕಾಲಕ್ರಮ ಗಮನಾರ್ಹ. ಸಿಂಗಾಪುರದ ಚಲನಚಿತ್ರೋದ್ಯಮಿ ಲೋಕ್ ವಾನ್ ಥೋ ಯುದ್ಧಕಾಲದಲ್ಲಿ ಮುಂಬಯಿಗೆ ಬಂದು ಸಲೀಂ ಅಲಿಯವರ ಗೆಳೆಯರಾಗಿ, ಅನೇಕ ಸಂಚಾರಗಳ ವೆಚ್ಚವನ್ನು ವಹಿಸಿದ್ದರು. 1964ರಲ್ಲಿ ಅವರು ತೈವಾನಿನ ವಿಮಾನಾಪಘಾತದಲ್ಲಿ ಮಡಿದ ಮೇಲೆ ಈ ಇಬ್ಬರ ಹೆಸರಿನಲ್ಲಿ ಪಕ್ಷಿಸಂಶೋಧನೆಯ ನಿಧಿಯೊಂದು ಸಂಘದಲ್ಲಿ ಉಳಿಯಿತು. ಬಳಿಕ 1970ರ ದಶಕದ ನಡುವಿನಲ್ಲಿ ಸಲೀಂ ಅಲಿಯವರಿಗೆ ವನ್ಯಜೀವಿಸಂರಕ್ಷಣೆಗಾಗಿ ಜೆ. ಪಾಲ್ ಗೆಟ್ಟಿ ಬಹುಮಾನ ಬಂದಿತು. ಎಂಬತ್ತರ ಸಮೀಪದಲ್ಲಿದ್ದ ಆ ವೃದ್ಧರು ಬಹುಮಾನದ ಹಣವನ್ನು ಮೂಲಧನವಾಗಿಟ್ಟು, ತಮ್ಮ ಹೆಸರಿನ ನಿಸರ್ಗಸಂರಕ್ಷಣ ನಿಧಿಗೆ ಅಡಿಪಾಯ ಹಾಕಿದರು. ಯೌವನದಲ್ಲಿ ಸಂಬಳವಿಲ್ಲದೆ ದುಡಿದವರೇ ಮುಪ್ಪಿನಲ್ಲಿ ಮುಂದಿನವರ ಸಂಬಳಕ್ಕೆ ಧನವಿಟ್ಟರು.

ದತ್ತಿನಿಧಿಯ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಅಗತ್ಯ. ಏಕೆಂದರೆ ಪ್ರವಾಸಿ ಕನ್ನಡ ಸಂಘಗಳೂ ಇಲ್ಲಿ ಎಡವುವುದುಂಟು. ದಾನಿಯು ಮೂಲಧನಕ್ಕೆಂದು ಸ್ಪಷ್ಟವಾಗಿ ಬರೆದುಕೊಟ್ಟ ಹಣವನ್ನೂ, ಸುಮ್ಮನೆ ಕೊಟ್ಟ ಚಂದಾವನ್ನೂ ಆದಾಯ ತೆರಿಗೆಯ ಕಾನೂನು ಬೇರೆಬೇರೆಯಾಗಿ ಕಂಡಿದೆ. ಮುಂಬಯಿ ಪ್ರಾಂತದ 1950ರ ಸಾರ್ವಜನಿಕ ವಿಶ್ವಸ್ತ ನಿಧಿಗಳ ಕಾಯಿದೆಯೂ ಇಂತಹ ಹಣವನ್ನು ಎಲ್ಲಿ ತೊಡಗಿಸಬೇಕೆಂಬುದಕ್ಕೆ ಕಟ್ಟು ಹಾಕಿತು. ಹೀಗೆ ಮೂಲ ಸುರಕ್ಷಿತ. ಆದರೆ ಬೆಲೆ ಏರಿದಂತೆ ಬಡ್ಡಿ ಬಡವಾಗುತ್ತದೆ. ಒಂದು ಕಾಲದಲ್ಲಿ ಒಬ್ಬ ಸಂಶೋಧಕನನ್ನು ಪೋಷಿಸುತ್ತಿದ್ದ ನಿಧಿ ಇಪ್ಪತ್ತು ವರ್ಷಗಳ ಬಳಿಕ ಅವನ ಬಸ್ಸಿನ ಖರ್ಚಿಗೂ ಸಾಲದಾಗಬಹುದು. ಬಿತ್ತುವಟ್ಟವನ್ನು ಏರ್ಪಡಿಸಿದವರು ಭೂಮಿಯನ್ನು ಬಿಟ್ಟರು. ಭೂಮಿಯ ಫಲ ಧಾನ್ಯದ ಬೆಲೆಯೊಡನೆ ತಾನೂ ಏರುತ್ತದೆ. ನಗದನ್ನು ಇಟ್ಟ ಆಧುನಿಕರಿಗೆ ಆ ಅನುಕೂಲವಿಲ್ಲ. ಆದುದರಿಂದ ಬಡ್ಡಿಯ ಒಂದು ಪಾಲನ್ನು ಖರ್ಚು ಮಾಡದೆ ಮೂಲಕ್ಕೆ ಸೇರಿಸುತ್ತ ಹೋಗಬೇಕು. ಇದು ಹೇಳಲು ಸುಲಭ, ಕಾರ್ಯಕಾರಿ ಸಮಿತಿಯಲ್ಲಿ ಒಪ್ಪಿಸಲು ಕಷ್ಟ.

ಸಂಗ್ರಹದ ಕಥೆ ಇನ್ನೂ ಸ್ವಯಂಸೇವೆಯ ಕಥೆಯಾಗಿಯೇ ಮುಂದುವರಿಯಿತು. ವ್ಯಾಪಾರಸ್ಥರೂ ಸಂಘದ ಹಿಂದಿನ ಗೌರವ ಕಾರ್ಯದರ್ಶಿಗಳೂ ಆದ ಹುಮಾಯೂನ್ ಅಬ್ದುಲಲಿಯವರು ಅದರ ಪಕ್ಷಿಸಂಗ್ರಹಕ್ಕೆ ಸೂಚಿಯನ್ನು ಸಿದ್ಧಪಡಿಸಲು ತೊಡಗಿ, ಮೊದಲ ಕಂತನ್ನು 1968ರಲ್ಲಿ ಪ್ರಕಟಿಸಿದರು. ಕಂತುಗಳು ಎರಡು ದಶಕಗಳಿಗೂ ಮಿಕ್ಕಿ ಬರುತ್ತಲೇ ಇದ್ದವು. ಒಂದೊಂದು ಹಕ್ಕಿಯ ತೊಗಲನ್ನೂ ತೆಗೆದು, ರೆಕ್ಕೆ ಬಾಲಗಳನ್ನು ಅಳೆದು, ಕಾಲಿಗೆ ಕಟ್ಟಿದ ಚೀಟಿಯಲ್ಲಿ ಸಿಕ್ಕಿದ ಊರು ಯಾವುದು, ದಿನ ಯಾವುದು, ತಂದವರು ಯಾರು ಎಂಬುದನ್ನು ನೋಡಿ ಬರೆಯುವ ಕೆಲಸ ಅದು. ಅವರು 2001ರಲ್ಲಿ ನಿಧನರಾದರು. ಒಂದು ಲಕ್ಷಕ್ಕೂ ಮಿಕ್ಕ ಮಾದರಿಗಳುಳ್ಳ ಆ ಸಂಗ್ರಹದಲ್ಲಿ ಚೀಟಿಯ ಮಸಿ ಅಳಿಯದಂತೆ, ತೊಗಲಿಗೆ ಹುಳ ಬೀಳದಂತೆ ಕಪಾಟುಗಳನ್ನು ತೆರೆದು ನೋಡುವ ಕೆಲಸ ಪ್ರತಿ ಮಳೆಗಾಲದಲ್ಲಿಯೂ ಹೊಸದಾಗಿ ಆರಂಭವಾಗುತ್ತದೆ.