ಕೆಂಪು ಶಾಯಿಯ ಮಾಷ್ಟ್ರು

ಮುಂಬಯಿಗೆ ಬಂದ ನಮ್ಮ ಕರಾವಳಿಯ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತ ಕತೆ ಊರಲ್ಲಿರುವ ನಿಮಗೂ ಗೊತ್ತೇ ಇದೆ. ಅದರ ಮುಂದಿನ ಅಧ್ಯಾಯ ಅಂಚೆ ಪಾಠದ್ದು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ ಅಂಚೆಯಲ್ಲೇ ಎಂ.ಕಾಂ. ಮುಗಿಸಿದವನಾದ್ದರಿಂದ ನನಗೆ ಅದರ ಮೇಲೆ ತುಸು ಮಮತೆ ಜಾಸ್ತಿ.

1840ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪೆನ್ನಿಗೆ ಪತ್ರ ಕಳಿಸುವ ಅನುಕೂಲ ಬಂದಾಗ ಐಸಾಕ್ ಪಿಟ್‌ಮನ್ ಶೀಘ್ರಲಿಪಿಯನ್ನು ಅಂಚೆಯಲ್ಲಿ ಕಲಿಸತೊಡಗಿದರು. ವಿದ್ಯಾರ್ಥಿ ಬರೆದದ್ದನ್ನು ತಿದ್ದಿ ವಾಪಸು ಕಳಿಸುತ್ತಿದ್ದರು. ಗುಟ್ಟೆಲ್ಲ ಇದ್ದದ್ದು ಆ ವಾಪಸು ಕಳಿಸುವುದರಲ್ಲೇ. ನಮ್ಮಲ್ಲಿ ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ, ಮೈಸೂರು 1969ರಲ್ಲಿ, ಮುಂಬಯಿ 1971ರಲ್ಲಿ ಅಂಚೆ ಶಿಕ್ಷಣ ಶುರುಮಾಡಿದವು. 1985ರಲ್ಲಿ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ ಹುಟ್ಟಿತು. ಮೈಸೂರಿನ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು.

ನನಗೆ ಕಂದು ಲಕೋಟೆಯಲ್ಲಿ ಸೈಕ್ಲೋಸ್ಟೈಲ್ ಪಾಠಗಳು ಬರುತ್ತಿದ್ದವು. ಓದು ಲೋಕಲ್ ರೈಲಿನಲ್ಲಿ, ನಿಂತೇ. ಉತ್ತರ ಬರೆದು ಕಳಿಸಿದರೆ ಒಬ್ಬ ಮಾಷ್ಟ್ರು ಕೆಂಪು ಶಾಯಿಯಲ್ಲಿ ‘ಲೆಕ್ಕ ಸರಿ, ಕಾರಣ ಎಲ್ಲಿ?’ ಅಂತ ಬರೆದಿದ್ದರು. ಮುಖವೇ ಕಾಣದ ಆ ಮನುಷ್ಯನಿಗೆ ಹೆದರಿ ಮುಂದಿನ ಉತ್ತರವನ್ನು ಎರಡೆರಡು ಸಲ ಬರೆದೆ. ನಮ್ಮ ಚಾಳಿನಲ್ಲಿ ಇನ್ನೂ ನಾಲ್ವರು ಬೇರೆ ಬೇರೆ ಕಡೆ ಸೇರಿದ್ದರು. ಅವರ ಉತ್ತರಗಳು ತಿಂಗಳುಗಟ್ಟಲೆ ವಾಪಸು ಬರಲಿಲ್ಲ. ಒಬ್ಬೊಬ್ಬರೇ ಬಿಟ್ಟರು. ದಡ್ಡರೇನಲ್ಲ, ಕೇಳುವವರಿರಲಿಲ್ಲ ಅಷ್ಟೆ.

1984ರಿಂದ ಯುಜಿಸಿ ಪಾಠಗಳು ದೂರದರ್ಶನದಲ್ಲಿ ಬಂದವು. ಚೆನ್ನಾಗಿದ್ದವು, ಆದರೆ ಟೀವಿ ನಮ್ಮ ಉತ್ತರ ಕೇಳುವುದಿಲ್ಲವಲ್ಲ!

ಆ ಕೊರತೆಗೆ ಮದ್ದು ಹುಡುಕಿದ ಒಂದು ಕತೆ ಅಮೆರಿಕದ್ದು. ಅಟ್ಲಾಂಟಾದ ಜಾರ್ಜಿಯಾ ಟೆಕ್ 2014ರ ಜನವರಿಯಲ್ಲಿ ಕಂಪ್ಯೂಟರ್ ವಿಜ್ಞಾನದ ಸ್ನಾತಕೋತ್ತರ ಪದವಿಯನ್ನು ಪೂರ್ತಿ ಆನ್‌ಲೈನ್‌ನಲ್ಲಿ ಶುರುಮಾಡಿತು. ಅಲ್ಲಿ ಪ್ರೊ. ಅಶೋಕ್ ಗೋಯಲ್ ಅವರ ತರಗತಿಯಲ್ಲಿ 300ರಷ್ಟು ವಿದ್ಯಾರ್ಥಿಗಳು, ಒಂದು ಸೆಮಿಸ್ಟರಿಗೆ ಸುಮಾರು 10,000 ಸಂದೇಶಗಳು. ಯಾರು ಉತ್ತರಿಸಬೇಕು? 2016ರಲ್ಲಿ ಅವರು ಸಹಾಯಕರ ಸಾಲಿಗೆ ‘ಜಿಲ್ ವಾಟ್ಸನ್’ ಎಂಬಾಕೆಯನ್ನು ಸೇರಿಸಿದರು. ಆಕೆ ಯಂತ್ರ ಅಂತ ವಿದ್ಯಾರ್ಥಿಗಳಿಗೆ ತಿಳಿಸಿದ್ದು ಸೆಮಿಸ್ಟರಿನ ಕೊನೆಗೆ. ಜಿಲ್ ಉತ್ತರಿಸುತ್ತಿದ್ದದ್ದು ಮತ್ತೆ ಮತ್ತೆ ಬರುವ ಸಾಮಾನ್ಯ ಪ್ರಶ್ನೆಗಳಿಗೆ. ತಲೆ ಓಡಿಸಬೇಕಾದವು ಮನುಷ್ಯರ ಪಾಲಿಗೆ. ಬ್ಯಾಂಕಿಗೆ ಎಟಿಎಂ ಬಂದ ಹಾಗೆ ಅನ್ನಿ: ನೋಟು ಎಣಿಸುವ ಕೆಲಸ ಅದಕ್ಕೆ, ಸಾಲ ಕೊಡಬಹುದೇ ಎಂಬ ಯೋಚನೆ ನಮಗೆ. ಈ ಹಂಚಿಕೆ ನನಗೆ ಒಪ್ಪಿಗೆ.

ನಮ್ಮ ಸರಕಾರದ ‘ಸ್ವಯಂ’ 2017ರಲ್ಲಿ ಬಂತು. ವಿಡಿಯೊ, ಓದುವ ಸಾಮಗ್ರಿ, ಸ್ವಂತ ಪರೀಕ್ಷೆ, ಚರ್ಚೆ ಎಂಬ ನಾಲ್ಕು ಕಾಲಿನ ಮಂಚ ಅದು. ಮಂಚ ಗಟ್ಟಿಯೇ, ಚರ್ಚೆಯ ಕಾಲಿಗೆ ಮಾತ್ರ ಆಗಾಗ ಬೆಣೆ ಹೊಡೆಯುತ್ತಿರಬೇಕು.

ಡೊಂಬಿವಲಿಯ ನಮ್ಮ ಮನೆಯಲ್ಲಿ ಸೊಸೆ ಈಗ ಆನ್‌ಲೈನ್ ಎಂಬಿಎ ಓದುತ್ತಿದ್ದಾಳೆ. ಎಷ್ಟು ನಿಮಿಷ ವಿಡಿಯೊ ನೋಡಿದಳು ಅಂತ ಕಾಲೇಜಿನಲ್ಲಿ ಲೆಕ್ಕ ಉಂಟು. ವಿಡಿಯೊ ಓಡಲು ಬಿಟ್ಟು ಕುಕ್ಕರಿನ ಸೀಟಿ ಎಣಿಸುವವರನ್ನು ಆ ಲೆಕ್ಕ ಹಿಡಿಯಲಾರದು. ಚರ್ಚೆಯಲ್ಲಿ ವಾರಕ್ಕೆರಡು ಸಲ ಬರೆಯುವುದು ಕಡ್ಡಾಯ. ಹೆಚ್ಚಿನವರು ‘ಒಳ್ಳೆಯ ವಿಚಾರ’ ಅಂತ ಬರೆದು ಅಂಕ ಎಣಿಸಿಕೊಳ್ಳುತ್ತಾರಂತೆ. ಆದರೆ ಕಳೆದ ತಿಂಗಳು ಒಬ್ಬ ಪ್ರೊಫೆಸರರು ಅವಳ ಉತ್ತರಕ್ಕೆ ಅರ್ಧ ಪುಟ ಟೀಕೆ ಬರೆದರು. ಒಂದು ಗಂಟೆ ಮುಖ ಊದಿಸಿಕೊಂಡಿದ್ದವಳು ರಾತ್ರಿಯೆಲ್ಲ ಕೂತು ಮೊದಲಿನಿಂದ ಬರೆದಳು. ಬೆಳಗ್ಗೆ ಚಹಾದ ಜತೆ ಲ್ಯಾಪ್‌ಟಾಪನ್ನೂ ತಂದಿಟ್ಟು, ‘ಮಾವ, ಈ ಬ್ಯಾಲೆನ್ಸ್ ಶೀಟ್ ಒಮ್ಮೆ ನೋಡ್ತೀರಾ?’ ಅಂದಳು.