ಕೈ ಕಟ್ಟಿ ಕೂರುವ ವಿದ್ಯೆ

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು 2003ರಲ್ಲಿ. ಮಗ ಪಿ.ಯು.ಸಿ. ಮುಗಿಸಿ ಮೈಸೂರಿನಲ್ಲಿ ಎಂಜಿನಿಯರಿಂಗ್ ಸೇರಿದ ವರ್ಷ ಅದು. ನಡುಮನೆಯ ಮೂಲೆಯಲ್ಲಿ ಅದಕ್ಕೊಂದು ಮೇಜು ಹಾಕಿಸಿದೆವು. ನನ್ನ ಹಳೆಯ ಸೀರೆಯೊಂದನ್ನು ಕತ್ತರಿಸಿ ಅದಕ್ಕೆ ಹೊದಿಕೆ ಹೊಲಿದವಳು ನಾನು. ಆಯುಧಪೂಜೆಯ ದಿನ ಕುಂಕುಮ ಇಟ್ಟು ಸೇವಂತಿಗೆ ಮುಡಿಸಿದವಳೂ ನಾನೇ. ಆದರೆ ಅದನ್ನು ಮುಟ್ಟುವ ಅಧಿಕಾರ ಮಾತ್ರ ನನಗಿರಲಿಲ್ಲ.

ಯಾರೂ ಬೇಡ ಎಂದು ಹೇಳಿದ್ದಿಲ್ಲ, ನಿಜ. ಒಮ್ಮೆ ಧೈರ್ಯ ಮಾಡಿ ಕುರ್ಚಿಯಲ್ಲಿ ಕುಳಿತು, "ಇದರಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡೋದು ಹೇಗೋ?" ಎಂದು ಮಗನನ್ನು ಕೇಳಿದೆ. ಅವನು ಬಂದು ಹಿಂದೆ ನಿಂತ. ಮೌಸು ಹಿಡಿದ ನನ್ನ ಕೈ ತಡವರಿಸಿತು. ಎರಡು ನಿಮಿಷವೂ ಆಗಿರಲಿಲ್ಲ, "ಬಿಡಮ್ಮ, ನಾನೇ ಮಾಡ್ಕೊಡ್ತೀನಿ" ಎಂದು ಮೌಸನ್ನು ನನ್ನ ಕೈಯಿಂದ ತೆಗೆದುಕೊಂಡ. ಹತ್ತು ನಿಮಿಷದಲ್ಲಿ ಪ್ರಶ್ನೆಪತ್ರಿಕೆ ಸಿದ್ಧವಾಯಿತು. ನಾನು ಕಲಿತದ್ದು ಮಾತ್ರ ಸೊನ್ನೆ. ಎಷ್ಟು ಮನೆಗಳಲ್ಲಿ ಇದೇ ಕಥೆಯೋ, ನೀವೇ ಹೇಳಿ.

ಆಗ ನಾನು ಕಪಿಲೆಯ ಆಚೆ ದಡದ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಟೀಚರ್. ಕೆಲವು ವರ್ಷಗಳ ನಂತರ ನಮ್ಮ ಶಾಲೆಗೂ ಕಂಪ್ಯೂಟರುಗಳು ಬಂದವು. ಬಂದ ದಿನ ತೆಂಗಿನಕಾಯಿ ಒಡೆದೆವು. ಮಾರನೆಯ ದಿನ ಕೋಣೆಗೆ ಬೀಗ ಬಿತ್ತು. ಹಾಳಾದರೆ ಹೊಣೆ ಯಾರು ಎಂಬ ಭಯ ಎಲ್ಲರಿಗೂ ಇತ್ತು, ನನಗೂ ಇತ್ತು. ಮಕ್ಕಳು ಕಿಟಕಿಯ ಸರಳು ಹಿಡಿದು ಒಳಗೆ ಇಣುಕುತ್ತಿದ್ದರು.

ಅಂದ ಹಾಗೆ, 2006ರಲ್ಲಿ ಮಗನ ಹೆಸರಿಗೆ ಹೊರದೇಶದಿಂದ ಒಂದು ಲಕೋಟೆ ಬಂದಿತ್ತು. ಅಂಚೆಯವನಿಗೂ ಆಶ್ಚರ್ಯ, ನನಗೂ ಆಶ್ಚರ್ಯ. ಒಳಗೆ 'ಉಬುಂಟು' ಎಂದು ಬರೆದ ಸಿ.ಡಿ.ಗಳಿದ್ದವು. "ದುಡ್ಡು ಎಷ್ಟೋ?" ಎಂದರೆ "ಫ್ರೀ ಅಮ್ಮ, ಯಾರು ಕೇಳಿದ್ರೂ ಕಳಿಸ್ತಾರೆ" ಎಂದ. ಬಿಟ್ಟಿ ಬಂದದ್ದರಲ್ಲಿ ಏನು ಸತ್ವ ಇದ್ದೀತು ಎಂದುಕೊಂಡೆ. ಅವನು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ ಮೇಲೆ ಆ ಸಿ.ಡಿ.ಗಳನ್ನು ದಾರಕ್ಕೆ ಪೋಣಿಸಿ, ಹಿತ್ತಿಲ ರಸಬಾಳೆಯ ಗೊನೆಗೆ ಹಕ್ಕಿ ಬೆದರಿಸಲು ಕಟ್ಟಿದೆ. ಬಿಸಿಲಿಗೆ ಚೆನ್ನಾಗಿ ಹೊಳೆಯುತ್ತಿದ್ದವು!

ನಾನು ಗೊನೆಗೆ ಕಟ್ಟಿದ್ದು ಏನನ್ನು ಎಂದು ಗೊತ್ತಾದದ್ದು ಆರು ವರ್ಷದ ನಂತರ. ಅದನ್ನು ಹೇಳುವ ಮುಂಚೆ ಆ ಸಿ.ಡಿ.ಯ ಹಿಂದಿನ ಕಥೆಯನ್ನು ಹೇಳಿಬಿಡುತ್ತೇನೆ.

ಕಂಪ್ಯೂಟರಿನೊಳಗೆ ಆಪರೇಟಿಂಗ್ ಸಿಸ್ಟಂ ಎಂಬುದೊಂದು ಇರುತ್ತದೆ. ಅದು ಮನೆಯ ಗೃಹಿಣಿ ಇದ್ದ ಹಾಗೆ. ಯಾರಿಗೆ ಯಾವಾಗ ಏನು ಬೇಕೋ ಅದನ್ನು ಒದಗಿಸುತ್ತಿರುತ್ತದೆ, ತಾನು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಕಂಪೆನಿಗಳು ಹಣಕ್ಕೆ ಮಾರುತ್ತವೆ, ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಗುಟ್ಟಾಗಿ ಇಡುತ್ತವೆ. ಅಮೆರಿಕದ ಎಂ.ಐ.ಟಿ.ಯಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಅವರಿಗೆ ಈ ಗುಟ್ಟು ಸರಿ ಬರಲಿಲ್ಲ. ಅವರ ಪ್ರಯೋಗಾಲಯದಲ್ಲಿ ಒಂದು ಪ್ರಿಂಟರು ಕಾಗದ ಸಿಕ್ಕಿಸಿಕೊಂಡು ನಿಂತುಬಿಡುತ್ತಿತ್ತಂತೆ. ತಂತ್ರಾಂಶದ ಮೂಲವನ್ನು ಕೊಟ್ಟಿದ್ದರೆ ಅವರೇ ತಿದ್ದಿಕೊಳ್ಳುತ್ತಿದ್ದರು. ಕೇಳಿದರೆ, ಇದ್ದವರು ಕೊಡಲಿಲ್ಲ. ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ ಎಂದರು. ಆ ಸಂಕಟದಿಂದಲೇ 1983ರಲ್ಲಿ ಅವರು ಗ್ನೂ ಯೋಜನೆಯನ್ನು ಸಾರಿದರು. ಎಲ್ಲರೂ ಬಳಸಬಹುದಾದ, ತಿದ್ದಬಹುದಾದ, ಇನ್ನೊಬ್ಬರಿಗೆ ಕೊಡಬಹುದಾದ ತಂತ್ರಾಂಶ ಕಟ್ಟುವುದೇ ಅದರ ಗುರಿ.

1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಾನು ಬರೆದ ತಿರುಳೊಂದನ್ನು ಎಲ್ಲರ ಮುಂದಿಟ್ಟ. ಅದೇ ಲಿನಕ್ಸ್. ಮರುವರ್ಷ ಅವನು ಅದನ್ನು ಸ್ಟಾಲ್‌ಮನ್ ಅವರ ಪರವಾನಗಿಯ ಅಡಿಯಲ್ಲೇ ಬಿಡುಗಡೆ ಮಾಡಿದ. ಯಾರು ಬೇಕಾದರೂ ತೆಗೆದುಕೊಳ್ಳಿ, ತಿದ್ದಿ. ಆದರೆ ತಿದ್ದಿದ್ದನ್ನು ಹಂಚುವುದಾದರೆ ಅದರ ಮೂಲವನ್ನೂ ಕೊಡಿ ಎಂಬುದು ಅದರ ಷರತ್ತು. ನಮಗೆ ಇದೇನೂ ಹೊಸದಲ್ಲ. ಪಕ್ಕದ ಮನೆಯಿಂದ ಹೆಪ್ಪಿಗೆ ಒಂದು ಚಮಚ ಮೊಸರು ತರುತ್ತೇವೆ. ನಾಳೆ ಇನ್ನೊಬ್ಬರು ಬಟ್ಟಲು ಹಿಡಿದು ಬಂದರೆ ನಾವೂ ಕೊಡುತ್ತೇವೆ. ಕೊಟ್ಟವರ ಮನೆಯ ಮೊಸರೇನೂ ಅದರಿಂದ ಮುಗಿದುಹೋಗುವುದಿಲ್ಲ.

ಆದರೆ ಒಂದು ತೊಡಕಿತ್ತು. ಹಣ ಕೊಟ್ಟು ಕೊಂಡ ವಸ್ತು ಕೆಟ್ಟರೆ ಅಂಗಡಿಯವನನ್ನು ಕೇಳಬಹುದು. ಹೀಗೆ ಹಂಚಿಕೊಂಡು ಬಂದದ್ದು ಕೆಟ್ಟರೆ ಯಾರನ್ನು ಕೇಳುವುದು? ಮತ್ತೊಬ್ಬ ಬಳಕೆದಾರನನ್ನೇ ಕೇಳಬೇಕು. ಹೀಗೆ ಊರೂರಿನಲ್ಲಿ ಲಿನಕ್ಸ್ ಬಳಕೆದಾರರ ಗುಂಪುಗಳು ಹುಟ್ಟಿದವು. ತಿಂಗಳಿಗೊಮ್ಮೆ ಎಲ್ಲಾದರೂ ಸೇರುವುದು, ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳುವುದು. ಹೊಸಬರು ಕಂಪ್ಯೂಟರನ್ನೇ ಹೊತ್ತು ತರುತ್ತಿದ್ದರು. ಹಳಬರು ಜೊತೆಗೆ ಕುಳಿತು ಲಿನಕ್ಸ್ ಹಾಕಿಕೊಡುತ್ತಿದ್ದರು.

ನಮ್ಮ ದೇಶದಲ್ಲಿ ಸಾಮಾನ್ಯ ಜನರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಿಂದ, ಅದೂ ದೊಡ್ಡ ನಗರಗಳಲ್ಲಿ. ಹಾಗಿರುವಾಗ ಲಿನಕ್ಸ್ ತರಿಸಿಕೊಳ್ಳುವುದಾದರೂ ಹೇಗೆ? 1996ರಲ್ಲಿ ಪಿ.ಸಿ. ಕ್ವೆಸ್ಟ್ ಎಂಬ ಇಂಗ್ಲಿಷ್ ಪತ್ರಿಕೆ ತನ್ನ ಸಂಚಿಕೆಯ ಜೊತೆಗೇ ಲಿನಕ್ಸ್ ಸಿ.ಡಿ. ಕೊಟ್ಟಿತು. ಅದರ ಹಿಂದೆ ಇದ್ದವರಲ್ಲಿ ಬೆಂಗಳೂರಿನ ಅತುಲ್ ಚಿಟ್ನಿಸ್ ಒಬ್ಬರು. ಬೆಂಗಳೂರಿನ ಬಳಕೆದಾರರ ಗುಂಪಿನ ಹುರುಪಿನಿಂದಲೇ 2001ರಲ್ಲಿ 'ಲಿನಕ್ಸ್ ಬೆಂಗಳೂರು' ಸಮ್ಮೇಳನ ನಡೆಯಿತು. 2005ರಲ್ಲಿ ಅದು 'ಫಾಸ್ ಡಾಟ್ ಇನ್' ಎಂದು ಹೆಸರು ಬದಲಿಸಿಕೊಂಡು 2012ರವರೆಗೂ ಮುಂದುವರಿಯಿತು. ಚಿಟ್ನಿಸ್ ಅವರು 2013ರಲ್ಲಿ ತೀರಿಕೊಂಡರು.

ಇಷ್ಟೆಲ್ಲ ಓದಿ ಆ ಗುಂಪುಗಳೆಲ್ಲ ಸ್ವರ್ಗ ಎಂದುಕೊಳ್ಳಬೇಡಿ. ಹೊಸಬರು ಪ್ರಶ್ನೆ ಕೇಳಿದರೆ 'ಮೊದಲು ಕೈಪಿಡಿ ಓದಿಕೊಂಡು ಬಾ' ಎಂದು ಗದರಿಸುವ ಚಾಳಿ ಹಲವು ಕಡೆ ಇತ್ತು. ಹೆಂಗಸರಿಗಂತೂ ಇನ್ನೂ ಕಷ್ಟ. ನೂರು ಗಂಡಸರ ನಡುವೆ ಒಬ್ಬಳೇ ಎದ್ದು ನಿಂತು ತನಗೆ ಗೊತ್ತಿಲ್ಲ ಎಂದು ಹೇಳುವುದು ಸುಲಭವೇ? ಅದಕ್ಕೇ 1998ರಲ್ಲಿ ಡೆಬ್ ರಿಚರ್ಡ್‌ಸನ್ ಎಂಬಾಕೆ 'ಲಿನಕ್ಸ್‌ಚಿಕ್ಸ್' ಎಂಬ ಗುಂಪು ಕಟ್ಟಿದರು. ಅಲ್ಲಿ ಇದ್ದದ್ದು ಎರಡೇ ನಿಯಮ: ಸಭ್ಯತೆಯಿಂದ ಮಾತಾಡಬೇಕು, ಸಹಾಯ ಮಾಡಬೇಕು. ಮುಂದೆ ಭಾರತದಲ್ಲೂ ಅದರ ಶಾಖೆ ಆಯಿತು. 2002ರಲ್ಲಿ ಅದೇ ಬಳಗದ ವ್ಯಾಲ್ ಹೆನ್ಸನ್, ಲಿನಕ್ಸ್ ಕಲಿಯುವ ಹೆಂಗಸರಿಗೆ ಪ್ರೋತ್ಸಾಹ ಕೊಡುವುದು ಹೇಗೆ ಎಂದು ಒಂದು ಕೈಪಿಡಿಯನ್ನೇ ಬರೆದರು. ಅದರಲ್ಲಿ ಹೇಳಿದ ಬುದ್ಧಿಮಾತುಗಳಲ್ಲಿ ಒಂದು, ಕಲಿಯುವವಳ ಕೈಯಿಂದ ಕೀಲಿಮಣೆ ಕಸಿದುಕೊಳ್ಳಬೇಡಿ ಎಂಬುದು. ಇದನ್ನು ತಿಳಿದಾಗ ನನಗೆ ನಮ್ಮ ನಡುಮನೆಯ ಮೇಜು ನೆನಪಾಯಿತು. ಅಮೆರಿಕದ ಹೆಂಗಸಿಗೂ ನಂಜನಗೂಡಿನ ನನಗೂ ಒಂದೇ ಕಷ್ಟ!

ಈ ಹೊಳೆ ನಮ್ಮ ಊರಿನ ಕಡೆಗೆ ಹರಿದದ್ದು ಶಿಕ್ಷಕರ ಮೂಲಕ. ಪಕ್ಕದ ಕೇರಳದಲ್ಲಿ 2001ರಲ್ಲಿ 'ಐಟಿ ಅಟ್ ಸ್ಕೂಲ್' ಯೋಜನೆ ಆರಂಭವಾಗಿತ್ತು. ಕೆಲವೇ ವರ್ಷಗಳಲ್ಲಿ ಅದು ಸ್ವತಂತ್ರ ತಂತ್ರಾಂಶಕ್ಕೆ ಹೊರಳಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸ್‌ನಲ್ಲೇ ಅಕ್ಷರಾಭ್ಯಾಸ ಮಾಡಿದರು. ಬೆಂಗಳೂರಿನ ಸುದರ್ಶನ್ ಲೇಔಟಿನ ಕೊಳೆಗೇರಿಯಲ್ಲಿ ಕರ್ನಾಟಕ ಸ್ವತಂತ್ರ ತಂತ್ರಾಂಶ ಆಂದೋಲನದ ಕಾರ್ಯಕರ್ತರು ಅಂಬೇಡ್ಕರ್ ಹೆಸರಿನ ಕಂಪ್ಯೂಟರ್ ಕೇಂದ್ರ ತೆರೆದು, ಕೂಲಿಕಾರರ ಮಕ್ಕಳಿಗೆ ಚಿತ್ರ ಬರೆಯುವುದರಿಂದ ಶುರುಮಾಡಿ ಕಲಿಸಿದರು. 2011ರಲ್ಲಿ ನಮ್ಮ ರಾಜ್ಯದ ಡಿ.ಎಸ್.ಇ.ಆರ್.ಟಿ.ಯೂ ಬೆಂಗಳೂರಿನ ಐ.ಟಿ. ಫಾರ್ ಚೇಂಜ್ ಸಂಸ್ಥೆಯೂ ಸೇರಿ ಸರ್ಕಾರಿ ಪ್ರೌಢಶಾಲೆಗಳಿಗಾಗಿ ವಿಷಯ ಶಿಕ್ಷಕರ ವೇದಿಕೆ ಎಂಬ ಕಾರ್ಯಕ್ರಮ ತಂದವು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಮೇಷ್ಟ್ರುಗಳು, ಟೀಚರುಗಳು ಉಬುಂಟು ಕಲಿತು, ಒಬ್ಬರಿಗೊಬ್ಬರು ಪಾಠದ ಸಾಮಗ್ರಿ ಹಂಚಿಕೊಳ್ಳುವುದು ಅದರ ಉದ್ದೇಶ.

ನನಗೂ ಮೈಸೂರಿಗೆ ಬರಲು ಆದೇಶ ಬಂದದ್ದು 2012ರಲ್ಲಿ. ಮನಸ್ಸಿಲ್ಲದ ಮನಸ್ಸಿನಿಂದಲೇ ಹೋದೆ. ಕಲಿಸಲು ಬಂದಾಕೆ ಬೇರೆ ತಾಲ್ಲೂಕಿನ ಒಬ್ಬ ಟೀಚರ್, ವಯಸ್ಸಿನಲ್ಲಿ ನನಗಿಂತ ತೀರಾ ಚಿಕ್ಕವಳು. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕುಳಿತವಳೇ ಎರಡೂ ಕೈಗಳನ್ನು ಕಟ್ಟಿಕೊಂಡಳು.

"ನೀವೇ ಒತ್ತಿ ಮೇಡಂ."

"ಕೆಟ್ಟುಗಿಟ್ಟು ಹೋದ್ರೆ?"

"ಹೋಗ್ಲಿ ಬಿಡಿ, ಮತ್ತೆ ಹಾಕೋಣ. ಸಿ.ಡಿ. ನನ್ನ ಚೀಲದಲ್ಲೇ ಇದೆ."

ಚೀಲದಿಂದ ತೆಗೆದು ತೋರಿಸಿದಳು. ನಮ್ಮ ಬಾಳೆಗೊನೆಯ ಮೇಲೆ ತೂಗಿದ್ದ ಅದೇ ಹೆಸರು! ನಾನು ನಕ್ಕದ್ದು ಯಾಕೆಂದು ಅವಳಿಗೆ ತಿಳಿಯಲಿಲ್ಲ.

ತೆರೆಯ ಮೇಲೆ ಕನ್ನಡದಲ್ಲೇ ಪಟ್ಟಿಗಳಿದ್ದವು. ಕಡತ, ಉಳಿಸು, ಅಂಟಿಸು. ಯಾರೋ ಕನ್ನಡದ ಹುಡುಗರು, ಹುಡುಗಿಯರು ಬಿಡುವಿನಲ್ಲಿ ಕುಳಿತು ಸಾವಿರಾರು ಸಾಲು ಅನುವಾದ ಮಾಡಿದ್ದರ ಫಲ ಅದು. 'ಸಂಪಾದನೆ' ಎಂಬುದನ್ನು ಕಂಡು, "ಇದನ್ನ ಒತ್ತಿದ್ರೆ ದುಡ್ಡು ಬರುತ್ತಾ?" ಎಂದು ಹಿಂದಿನ ಸಾಲಿನವರೊಬ್ಬರು ಕೇಳಿದರು. ತಿದ್ದುವ ಕೆಲಸಕ್ಕೆ ಹಾಗೆ ಹೆಸರಿಟ್ಟಿದ್ದಾರೆ ಎಂದು ತಿಳಿದು ಎಲ್ಲರೂ ನಕ್ಕೆವು. ಅಂದು ಸಂಜೆ ನಾನು ಜಿಯೋಜೀಬ್ರಾದಲ್ಲಿ ಒಂದು ತ್ರಿಭುಜ ಎಳೆದೆ. ಮೂಲೆಯೊಂದನ್ನು ಹಿಡಿದು ಎಳೆದಾಡಿದರೂ ಮೂರು ಕೋನಗಳ ಮೊತ್ತ 180 ಆಗಿಯೇ ಉಳಿಯಿತು. ಹಲವು ವರ್ಷ ಕಪ್ಪುಹಲಗೆಯ ಮೇಲೆ ಬರೆದು ಹೇಳಿದ್ದು ಕಣ್ಣೆದುರಿಗೆ ಕದಲಿತು.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಆ ಹುಡುಗಿಯ ಕಟ್ಟಿದ ಕೈಗಳನ್ನೇ ನೆನೆಯುತ್ತಿದ್ದೆ. ಆಗ ಇನ್ನೊಂದು ನೆನಪು ಬಂತು, ಬರಬಾರದಿತ್ತು ಎನಿಸುವಂಥದು. ಎಂಟನೇ ತರಗತಿಯ ಒಬ್ಬ ಹುಡುಗಿ. ಲೆಕ್ಕ ಮಾಡಲು ಹಲಗೆಯ ಹತ್ತಿರ ಬಂದರೆ ಬಹಳ ನಿಧಾನ. ತಪ್ಪು ಮಾಡುತ್ತಿದ್ದಳೆಂದಲ್ಲ, ಪ್ರತಿ ಹೆಜ್ಜೆಗೂ ನಿಂತು ಯೋಚಿಸುತ್ತಿದ್ದಳು. ನನಗೆ ಪಾಠ ಮುಗಿಸುವ ಅವಸರ. "ಕೊಡಿಲ್ಲಿ" ಎಂದು ಸೀಮೆಸುಣ್ಣ ಕಿತ್ತುಕೊಂಡು ನಾನೇ ಮುಗಿಸಿಬಿಡುತ್ತಿದ್ದೆ. ಒಂದು ದಿನ ಕರೆದರೆ ಅವಳು ಏಳಲಿಲ್ಲ. ಆಮೇಲೆ ನಾನೂ ಕರೆಯಲಿಲ್ಲ. ಮಗ ನನ್ನ ಕೈಯಿಂದ ಮೌಸು ತೆಗೆದುಕೊಂಡದ್ದನ್ನು ಒಂಬತ್ತು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ನನಗೆ, ಅವಳ ಕೈಯಿಂದ ನಾನು ಕಿತ್ತುಕೊಂಡದ್ದು ಅಂದಿನವರೆಗೂ ನೆನಪೇ ಆಗಿರಲಿಲ್ಲ. ಅವಳೀಗ ಎಲ್ಲಿದ್ದಾಳೋ ಗೊತ್ತಿಲ್ಲ.

ಮುಂದಿನ ವಾರವೇ ಹೆಡ್‌ಮಾಸ್ಟರ ಹತ್ತಿರ ಕೋಣೆಯ ಕೀಲಿ ಕೇಳಿ ಪಡೆದೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಸುತ್ತಲ ಶಾಲೆಗಳ ನಾಲ್ಕೈದು ಟೀಚರುಗಳು ಅಲ್ಲಿ ಸೇರತೊಡಗಿದೆವು. ತಿ. ನರಸೀಪುರದ ಕಡೆಯಿಂದಲೂ ಒಬ್ಬರು ಬಸ್ಸು ಹಿಡಿದು ಬರುತ್ತಿದ್ದರು. ಸಂಘ ಎಂಬ ಹೆಸರಿಲ್ಲ, ಬೋರ್ಡಿಲ್ಲ, ಚಂದಾ ಇಲ್ಲ. ಡಬ್ಬಿಯಲ್ಲಿ ಚಕ್ಕುಲಿಯೋ ಪುರಿಯೋ ಇರುತ್ತಿತ್ತು. ನುಡಿಯಲ್ಲಿ ಹಿಂದೆ ಟೈಪಿಸಿದ್ದ ಪ್ರಶ್ನೆಪತ್ರಿಕೆಗಳು ಉಬುಂಟುವಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿದ್ದವು. ಹಳೆಯ ಅಕ್ಷರಗಳ ಏರ್ಪಾಡೇ ಬೇರೆ, ಯುನಿಕೋಡಿನ ಏರ್ಪಾಡೇ ಬೇರೆ, ಪರಿವರ್ತಿಸಿಕೊಂಡರೆ ಸರಿಯಾಗುತ್ತದೆ ಎಂದು ತಿಳಿಯಲು ನಮಗೆ ಮೂರು ಶನಿವಾರ ಬೇಕಾಯಿತು. ತಿಳಿದ ಮೇಲೆ ಬೇರೆ ಶಾಲೆಯವರಿಗೂ ಹೇಳಿಕೊಟ್ಟೆವು. ನಮ್ಮಲ್ಲಿ ಇದ್ದದ್ದು ಒಂದೇ ಕಟ್ಟಳೆ: ಹೇಳಿಕೊಡುವವರು ಕೈ ಕಟ್ಟಿ ಕೂರಬೇಕು.

ಇದು ನಮ್ಮೂರಿನವರಿಗೆ ತಿಳಿಯದ ವಿದ್ಯೆಯಲ್ಲ. ಶ್ರೀಕಂಠೇಶ್ವರನ ದರ್ಶನಕ್ಕೆ ಬಂದವರು ಮೊದಲು ಕಪಿಲೆಯಲ್ಲಿ ಮೀಯುತ್ತಾರೆ. ಮೊದಲ ಸಲ ಬಂದ ಹೆಂಗಸು ಮೆಟ್ಟಿಲ ಮೇಲೆ ಅಳುಕುತ್ತಾ ನಿಂತರೆ, ಬಟ್ಟೆ ಒಗೆಯುತ್ತಿರುವ ನಮ್ಮೂರವಳು ತಲೆ ಎತ್ತಿ, "ಅಲ್ಲಿ ಪಾಚಿ ಐತೆ ಕಣಕ್ಕ, ಈ ಕಡೆಯಿಂದ ಇಳೀರಿ" ಎನ್ನುತ್ತಾಳೆ. ಅಷ್ಟೇ. ಮುಳುಗುವವಳು ತಾನೇ ಮುಳುಗಬೇಕು.

ಈಗ ನನಗೆ ನಿವೃತ್ತಿಯಾಗಿದೆ. ಪಕ್ಕದ ಬೀದಿಯಲ್ಲಿ ರವಿಕೆ ಹೊಲಿಯುವಾಕೆ ಮೊನ್ನೆ ಹಳೆಯ ಲ್ಯಾಪ್‌ಟಾಪನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲು ಬೆಂಬಲ ನಿಂತಿತಲ್ಲ, ಹೊಸದು ಅದರಲ್ಲಿ ಕೂರುವುದಿಲ್ಲವಂತೆ. "ಗುಜರಿಗೆ ಹಾಕ್ಬೇಕಾ ಮೇಡಂ?" ಎಂದು ಕೇಳಿದಳು. ಬೇಡ ಎಂದೆ. ಅವಳಿಂದಲೇ ಲಿನಕ್ಸ್ ಹಾಕಿಸಿದೆ. ಲೆಕ್ಕದ ಹಾಳೆ ತೆರೆದು, ಗಿರಾಕಿಗಳ ಹೆಸರು, ಅಳತೆ, ಬಾಕಿ ಬರೆದುಕೊಳ್ಳುವುದನ್ನು ಶುರು ಮಾಡಿದಳು. ಒಂದು ಒತ್ತಕ್ಷರಕ್ಕಾಗಿ ಅವಳ ಬೆರಳು ಕೀಲಿಮಣೆಯ ಮೇಲೆಲ್ಲ ಹುಡುಕಾಡುತ್ತಿತ್ತು. ಅದು ಎಲ್ಲಿದೆ ಎಂದು ನನಗೆ ಗೊತ್ತು. ನನ್ನ ಕೈ ತನಗೆ ತಾನೇ ಮುಂದೆ ಹೋಯಿತು. ಹಿಂದಕ್ಕೆಳೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡೆ.

ಒಲೆಯ ಮೇಲೆ ಹಾಲು ಉಕ್ಕಿತು. ಉಕ್ಕಲಿ ಎಂದು ಕುಳಿತೇ ಇದ್ದೆ. ಕೊನೆಗೆ ಆ ಒತ್ತಕ್ಷರ ಅವಳಿಗೆ ಸಿಕ್ಕಿತು.